ದಡಾರಕ್ಕಿಂತ ವೇಗವಾಗಿ ಹರಡಿದ ಸುದ್ದಿ

2017ರ ಫೆಬ್ರುವರಿ ತಿಂಗಳ ಒಂದು ಮುಂಜಾನೆ. ಆಸ್ಪತ್ರೆಗೆ ಹೊರಡುವ ಸಿದ್ಧತೆಯಲ್ಲಿದ್ದೆ. ಅರಸೀಕೆರೆಯಿಂದ ಅತ್ತಿಗೆಯ ಕರೆ ಬಂತು. ಇಲ್ಲಿ ವೇಲ್ಸ್‌ನಲ್ಲಿ ಆಗ ಏಳು ಗಂಟೆ, ಊರಿನಲ್ಲಿ ಹನ್ನೆರಡೂವರೆ. ಹೊತ್ತಲ್ಲದ ಹೊತ್ತಿನಲ್ಲಿ ಊರಿನಿಂದ ಫೋನ್ ಬಂದರೆ ಎದೆ ಒಮ್ಮೆ ಝಲ್ಲೆನ್ನುವುದು ಹೊರದೇಶದಲ್ಲಿರುವವರಿಗೆಲ್ಲ ಪರಿಚಿತ ಅನುಭವ. ಸದ್ಯ, ಯಾರಿಗೂ ಏನೂ ಆಗಿರಲಿಲ್ಲ. ಅಣ್ಣನ ಮಗಳ ಶಾಲೆಯಲ್ಲಿ ಮಕ್ಕಳಿಗೆಲ್ಲ ದಡಾರ-ರುಬೆಲ್ಲಾ ಲಸಿಕೆ ಹಾಕುವವರಿದ್ದರು. ಅತ್ತಿಗೆ ಹೆದರಿದ್ದರು.

"ನಮ್ಮ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಬಂದಿದೆ. ಈ ಇಂಜೆಕ್ಷನ್ ಹಾಕಿಸಿದ್ರೆ ಮಕ್ಕಳ ಬುದ್ಧಿ ಮಂಕಾಗುತ್ತಂತೆ, ಬರೋ ಮಾತೂ ನಿಂತುಹೋಗುತ್ತಂತೆ. ಲಂಡನ್ ಡಾಕ್ಟರೇ ಕಂಡುಹಿಡಿದಿದ್ದಾರಂತೆ. ನೀವು ಅಲ್ಲೇ ಇದ್ದೀರಲ್ಲ, ನಿಜಾನಾ?"

ನಕ್ಕು ಸುಮ್ಮನಾಗುವುದು ನನ್ನಿಂದ ಸಾಧ್ಯವಾಗಲಿಲ್ಲ. ಸಂದೇಶದಲ್ಲಿದ್ದ 'ಲಂಡನ್ ಡಾಕ್ಟರ್' ಕಟ್ಟುಕಥೆಯ ವ್ಯಕ್ತಿಯಲ್ಲ. ಅಂಥ ವೈದ್ಯರೊಬ್ಬರು ನಿಜವಾಗಿಯೂ ಇದ್ದರು. ಅವರ ಮಾತನ್ನು ಈ ದೇಶದ ಪತ್ರಿಕೆಗಳು ವರ್ಷಗಟ್ಟಲೆ ಹೊತ್ತು ತಿರುಗಿದ್ದವು. ಅದರ ಪರಿಣಾಮವನ್ನು ನಾನು ಆಸ್ಪತ್ರೆಯ ವಾರ್ಡಿನಲ್ಲಿ ಕಣ್ಣಾರೆ ಕಂಡಿದ್ದೆ. ಅದಕ್ಕೂ ಮೊದಲು, ಎಂಬಿಬಿಎಸ್, ಎಂಡಿ ಓದಿದ ನಾನೇ ಆ ಸುದ್ದಿಯ ಸುಳಿಯಲ್ಲಿ ಕೆಲವು ತಿಂಗಳು ಸಿಲುಕಿದ್ದೆ. ಸುಳ್ಳು ಸುದ್ದಿಗೆ ಮರುಳಾಗುವವರು ಓದುಬರಹವಿಲ್ಲದವರು ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ನನ್ನ ಅನುಭವ ಹಾಗೆ ಹೇಳುವುದಿಲ್ಲವಾದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಹನ್ನೆರಡು ಮಕ್ಕಳ ಅಧ್ಯಯನ

1998ರ ಫೆಬ್ರುವರಿ ಕೊನೆಯ ವಾರ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಒಂದು ಸುದ್ದಿಗೋಷ್ಠಿ ನಡೆಯಿತು. ಆಂಡ್ರ್ಯೂ ವೇಕ್‌ಫೀಲ್ಡ್ ಎಂಬ ವೈದ್ಯರು ಹಾಗೂ ಅವರ 12 ಮಂದಿ ಸಹಲೇಖಕರ ಪ್ರಬಂಧವೊಂದು ಪ್ರತಿಷ್ಠಿತ ವೈದ್ಯಕೀಯ ನಿಯತಕಾಲಿಕ 'ದಿ ಲ್ಯಾನ್ಸೆಟ್'ನಲ್ಲಿ ಪ್ರಕಟವಾಗುವುದರಲ್ಲಿತ್ತು. ಅಧ್ಯಯನಕ್ಕೆ ಒಳಪಟ್ಟ ಮಕ್ಕಳು ಕೇವಲ 12. ಅವರಲ್ಲಿ 8 ಮಕ್ಕಳ ವಿಷಯದಲ್ಲಿ, ಎಂಎಂಆರ್ ಲಸಿಕೆಯ ನಂತರವೇ ಮಗುವಿನ ವರ್ತನೆ ಬದಲಾಯಿತು ಎಂಬ ಹೇಳಿಕೆ ದಾಖಲಾಗಿತ್ತು. ದಡಾರ, ಮಂಗನಬಾವು, ರುಬೆಲ್ಲಾ ಈ ಮೂರು ರೋಗಗಳನ್ನು ತಡೆಯುವ ಈ ಲಸಿಕೆ ಬ್ರಿಟನ್ನಿನಲ್ಲಿ 1988ರಿಂದಲೂ ಬಳಕೆಯಲ್ಲಿದೆ. ಲಸಿಕೆಗೂ ಆಟಿಸಂಗೂ ಸಂಬಂಧ ಸಾಬೀತಾಗಿಲ್ಲವೆಂದು ಆ ಪ್ರಬಂಧವೇ ಒಪ್ಪಿಕೊಂಡಿತ್ತು. ಆದರೆ ಸುದ್ದಿಗೋಷ್ಠಿಯಲ್ಲಿ ವೇಕ್‌ಫೀಲ್ಡ್ ಒಂದು ಹೆಜ್ಜೆ ಮುಂದೆ ಹೋದರು. ಮೂರನ್ನೂ ಒಟ್ಟಿಗೆ ಕೊಡುವುದನ್ನು ನಿಲ್ಲಿಸಿ, ಬೇರೆ ಬೇರೆಯಾಗಿ ಕೊಡುವುದು ಒಳಿತು ಎಂದರು.

ಮರುದಿನದ ಪತ್ರಿಕೆಗಳಿಗೆ ಪ್ರಬಂಧದ ಎಚ್ಚರಿಕೆಯ ಮಾತು ಬೇಕಿರಲಿಲ್ಲ; ಸುದ್ದಿಗೋಷ್ಠಿಯ ಮಾತು ಸಾಕಾಗಿತ್ತು.

ಮಕ್ಕಳ ಬೆಳವಣಿಗೆ ಬಲ್ಲವರಿಗೆ ಇಲ್ಲಿನ ತೊಡಕು ಸುಲಭವಾಗಿ ಕಾಣುತ್ತದೆ. ಎಂಎಂಆರ್‌ನ ಮೊದಲ ಡೋಸು ಕೊಡುತ್ತಿದ್ದುದು ಮಗುವಿಗೆ ಸುಮಾರು 13 ತಿಂಗಳಾದಾಗ. ಆಟಿಸಂನ ಲಕ್ಷಣಗಳನ್ನು ತಂದೆತಾಯಿ ಗುರುತಿಸತೊಡಗುವುದೂ ಎರಡನೆಯ ವರ್ಷದಲ್ಲಿಯೇ. ಲಕ್ಷಾಂತರ ಮಕ್ಕಳಿಗೆ ಲಸಿಕೆ ಹಾಕಿದಾಗ, ಕೆಲವರಲ್ಲಿ ಲಸಿಕೆಯ ಬೆನ್ನಿಗೇ ಲಕ್ಷಣ ಕಾಣಿಸಿಕೊಳ್ಳುವುದು ಅನಿವಾರ್ಯ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇದನ್ನೇ. ಕಾಗೆಯ ಭಾರಕ್ಕೇ ಕೊಂಬೆ ಮುರಿಯಿತೇ ಎಂದು ತಿಳಿಯಬೇಕಾದರೆ ಕಾಗೆ ಕೂರದ ಕೊಂಬೆಗಳನ್ನೂ ಎಣಿಸಬೇಕು. ಡೆನ್ಮಾರ್ಕಿನ ಸಂಶೋಧಕರು ಅದನ್ನೇ ಮಾಡಿದರು. 2002ರಲ್ಲಿ ಅವರು ಪ್ರಕಟಿಸಿದ ಅಧ್ಯಯನ 5,37,303 ಮಕ್ಕಳನ್ನು ಒಳಗೊಂಡಿತ್ತು. ಲಸಿಕೆ ಪಡೆದವರಲ್ಲಿಯೂ ಪಡೆಯದವರಲ್ಲಿಯೂ ಆಟಿಸಂ ಬರುವ ಸಾಧ್ಯತೆಯಲ್ಲಿ ವ್ಯತ್ಯಾಸವಿರಲಿಲ್ಲ.

ಒಂದು ಕಡೆ 12 ಮಕ್ಕಳು, ಇನ್ನೊಂದು ಕಡೆ ಐದು ಲಕ್ಷಕ್ಕೂ ಹೆಚ್ಚು ಮಕ್ಕಳು. ಹೀಗಿದ್ದರೂ ಜನ ನಂಬಿದ್ದು ಮೊದಲನೆಯದನ್ನು. ಏಕೆ?

ಎರಡು ಕುರ್ಚಿಗಳ ಚರ್ಚೆ

ಜನ ಮೂರ್ಖರಾಗಿದ್ದರು ಎಂಬ ಉತ್ತರ ಸುಲಭ, ಆದರೆ ಸರಿಯಲ್ಲ. ಅದಕ್ಕೆ ಹಿಂದಿನ ಕಥೆಯೊಂದಿದೆ. 1990ರಲ್ಲಿ ಬ್ರಿಟನ್ನಿನಲ್ಲಿ ಹುಚ್ಚು ಹಸುವಿನ ರೋಗದ ಭೀತಿ ಹಬ್ಬಿತ್ತು. ಅಂದಿನ ಕೃಷಿ ಸಚಿವ ಜಾನ್ ಗಮ್ಮರ್, ದನದ ಮಾಂಸ ಸುರಕ್ಷಿತವೆಂದು ತೋರಿಸಲು ಕ್ಯಾಮೆರಾಗಳ ಮುಂದೆ ತಮ್ಮ ಪುಟ್ಟ ಮಗಳಿಗೆ ಬರ್ಗರ್ ತಿನ್ನಿಸಲು ಹೊರಟರು. ಆರು ವರ್ಷಗಳ ನಂತರ, 1996ರ ಮಾರ್ಚ್‌ನಲ್ಲಿ, ಆ ರೋಗಕ್ಕೂ ಮನುಷ್ಯರ ಮಿದುಳಿನ ಒಂದು ಮಾರಕ ಕಾಯಿಲೆಗೂ ಸಂಬಂಧವಿರುವ ಸಂಭವ ಹೆಚ್ಚೆಂದು ಸರ್ಕಾರವೇ ಸಂಸತ್ತಿನಲ್ಲಿ ಹೇಳಬೇಕಾಯಿತು. ಇದಾದ ಎರಡೇ ವರ್ಷಕ್ಕೆ ಅದೇ ಆರೋಗ್ಯ ಇಲಾಖೆ 'ಎಂಎಂಆರ್ ಸುರಕ್ಷಿತ' ಎಂದಾಗ ಜನ ಅನುಮಾನದಿಂದ ನೋಡಿದರೆ ಅದನ್ನು ಹುಚ್ಚುತನವೆನ್ನಲಾಗದು. ಒಮ್ಮೆ ಸುಳ್ಳಾದ ಭರವಸೆಯ ಸಾಲವನ್ನು ಮುಂದಿನ ನಿಜವಾದ ಭರವಸೆ ತೀರಿಸಬೇಕಾಗುತ್ತದೆ.

ಆ ಅನುಮಾನಕ್ಕೆ 2001ರ ಡಿಸೆಂಬರ್‌ನಲ್ಲಿ ಇನ್ನಷ್ಟು ಇಂಬು ದೊರೆಯಿತು. ಪ್ರಧಾನಿ ಟೋನಿ ಬ್ಲೇರ್ ಅವರ ಕಿರಿಯ ಮಗ ಲಿಯೋಗೆ ಎಂಎಂಆರ್ ಹಾಕಿಸಲಾಗಿದೆಯೇ ಎಂದು ಪತ್ರಕರ್ತರು ಕೇಳಿದರು. ಅದು ಮಗುವಿನ ಖಾಸಗಿ ವಿಷಯವೆಂದು ಬ್ಲೇರ್ ಉತ್ತರಿಸಲಿಲ್ಲ. ಲಸಿಕೆ ಹಾಕಿಸಿದ್ದರು ಎಂಬ ಸಂಗತಿ ವರ್ಷಗಳ ನಂತರ ಹೊರಬಂತು. ತತ್ತ್ವದ ದೃಷ್ಟಿಯಿಂದ ಅವರ ಮೌನ ಸರಿಯಿದ್ದಿರಬಹುದು. ಆದರೆ ಆ ಮೌನವನ್ನು ಜನ ಉತ್ತರವೆಂದೇ ಓದಿಕೊಂಡರು.

ಇವೆಲ್ಲಕ್ಕಿಂತ ಹೆಚ್ಚಿನ ಹಾನಿ ಮಾಡಿದ್ದು ಪತ್ರಿಕೆಗಳ ಸುಳ್ಳಲ್ಲ, ಅವುಗಳ 'ಸಮತೋಲನ' ಎಂಬುದು ನನ್ನ ಖಚಿತ ಅಭಿಪ್ರಾಯ. ಟಿವಿ ಚರ್ಚೆಯಲ್ಲಿ ಎರಡು ಕುರ್ಚಿಗಳು. ಒಂದರಲ್ಲಿ ಜಗತ್ತಿನ ಬಹುಪಾಲು ವೈದ್ಯವಿಜ್ಞಾನಿಗಳ ಅಭಿಪ್ರಾಯವನ್ನು ಪ್ರತಿನಿಧಿಸುವ ಒಬ್ಬರು. ಇನ್ನೊಂದರಲ್ಲಿ ಅದನ್ನು ಒಪ್ಪದ ಒಬ್ಬರು. ಇಬ್ಬರಿಗೂ ಸಮಾನ ಸಮಯ. ಪತ್ರಿಕಾಧರ್ಮದ ದೃಷ್ಟಿಯಿಂದ ಇದು ನ್ಯಾಯವಾಗಿಯೇ ಕಾಣುತ್ತದೆ. ನೋಡುವವರಿಗೆ ಮಾತ್ರ ತಕ್ಕಡಿಯ ಎರಡು ತಟ್ಟೆಗಳೂ ಸಮನಾಗಿ ತೂಗುತ್ತಿರುವಂತೆ ಕಾಣುತ್ತದೆ. ಕಾರ್ಡಿಫ್ ವಿಶ್ವವಿದ್ಯಾಲಯದ ಸಂಶೋಧಕರು 2002ರ ಸುಮಾರಿನ ವರದಿಗಾರಿಕೆಯನ್ನೂ ಜನಾಭಿಪ್ರಾಯವನ್ನೂ ಪರಿಶೀಲಿಸಿದಾಗ ಇದೇ ಕಂಡುಬಂತು. ಎರಡೂ ಪಕ್ಷಗಳಿಗೆ ಮಾಧ್ಯಮದಲ್ಲಿ ಸಮಾನ ಅವಕಾಶ ದೊರೆತಿರುವುದರಿಂದ ಎರಡೂ ಕಡೆ ಸಮಾನ ಪುರಾವೆ ಇರಬೇಕು ಎಂದು ಭಾವಿಸಿದವರು ಶೇ 53ರಷ್ಟು ಮಂದಿ. ಪುರಾವೆಯ ಬಹುಭಾಗ ಲಸಿಕೆಯ ಪರವಾಗಿದೆ ಎಂದು ತಿಳಿದಿದ್ದವರು ಕೇವಲ ಶೇ 23.

ಸುಳ್ಳು ಹೇಳದೆಯೂ ಜನರನ್ನು ದಾರಿ ತಪ್ಪಿಸಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ನನ್ನ ಮನೆಯ ಐದು ತಿಂಗಳು

ನಮ್ಮ ಮಗಳು ಹುಟ್ಟಿದ್ದು 2001ರಲ್ಲಿ. ಅವಳಿಗೆ ಎಂಎಂಆರ್ ಹಾಕಿಸುವ ಸಮಯ ಬಂದದ್ದು ಆ ಗದ್ದಲ ತಾರಕಕ್ಕೇರಿದ್ದ 2002ರಲ್ಲಿ. ನಾನಾಗ ಈ ದೇಶಕ್ಕೆ ಬಂದು ಕೆಲವೇ ವರ್ಷಗಳಾಗಿದ್ದ ಕಿರಿಯ ವೈದ್ಯ. ಕೆಲಸದ ಪಾಳಿ, ಪರೀಕ್ಷೆಗಳ ಓದು, ಬಾಡಿಗೆ ಮನೆ. ಪತ್ನಿ ಬೆಳಗ್ಗೆ ಮಗುವನ್ನು ಎತ್ತಿಕೊಂಡು ಆಟದ ಗುಂಪಿಗೆ ಹೋಗುತ್ತಿದ್ದಳು. ಅಲ್ಲಿ ತಾಯಂದಿರ ನಡುವೆ ಬೇರೆ ಮಾತೇ ಇರಲಿಲ್ಲ. ಸಂಜೆ ಮನೆಗೆ ಬಂದರೆ ಮೇಜಿನ ಮೇಲೆ ಪತ್ರಿಕೆಯಿಂದ ಕತ್ತರಿಸಿದ ತುಣುಕುಗಳಿರುತ್ತಿದ್ದವು. ಮೂರು ಲಸಿಕೆಗಳನ್ನು ಬೇರೆ ಬೇರೆಯಾಗಿ ಹಾಕುವ ಖಾಸಗಿ ಕ್ಲಿನಿಕ್‌ಗಳ ವಿವರವೂ ಅವುಗಳಲ್ಲಿತ್ತು. ಸರ್ಕಾರ ಪುಕ್ಕಟೆ ಕೊಡುವುದನ್ನು ಬಿಟ್ಟು ಹಣ ತೆತ್ತು ಬೇರೆ ಹಾಕಿಸುವವರಿದ್ದಾರೆಂದರೆ ಅದರಲ್ಲಿ ಏನೋ ಇರಬೇಕಲ್ಲವೇ?

ನಾನು ಆ ಪ್ರಬಂಧವನ್ನು ಓದಿದ್ದೆ. 12 ಮಕ್ಕಳಿಂದ ಏನನ್ನೂ ಹೇಳಲಾಗದೆಂದು ಪರೀಕ್ಷೆಯಲ್ಲಿ ಕೇಳಿದ್ದರೆ ಬರೆಯುತ್ತಿದ್ದೆ. ಆದರೆ ಮಗು ನನ್ನದು. "ಸ್ವಲ್ಪ ತಿಂಗಳು ಕಾಯೋಣ, ಅಷ್ಟರಲ್ಲಿ ಏನಾದರೂ ಖಚಿತವಾಗಬಹುದು" ಎಂದು ಪತ್ನಿಗೆ ಹೇಳಿದವನು ನಾನೇ. ಅವಳು ಕೇಳಿದ್ದು ವೈದ್ಯನ ಉತ್ತರವನ್ನು. ನಾನು ಕೊಟ್ಟಿದ್ದು ಹೆದರಿದ ಅಪ್ಪನ ಉತ್ತರವನ್ನು. ವೈದ್ಯನ ಬಾಯಿಂದ ಬಂದಿದ್ದರಿಂದ ಅದು ಅವಳ ಭಯವನ್ನು ದೃಢಪಡಿಸಿತು.

ಭಾನುವಾರ ಊರಿಗೆ ಫೋನ್ ಮಾಡುವುದು ವಾಡಿಕೆ. ಆಗಿನ್ನೂ ಕಾಲಿಂಗ್ ಕಾರ್ಡಿನ ಕಾಲ. ಒಂದು ಭಾನುವಾರ ಅಮ್ಮ ಕೇಳಿದರು: "ಕೂಸಿಗೆ ದಡಾರದ ಸೂಜಿ ಹಾಕಿಸಿದ್ಯೇನಪ್ಪಾ?" ಇಲ್ಲಿನ ಗೊಂದಲವನ್ನು ವಿವರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನ್ನ ಅಕ್ಕನ್ನ ನೀನು ನೋಡ್ಲಿಲ್ಲ. ನಾನು ನೋಡಿದೀನಿ" ಎಂದರು.

ನಾನು ಹುಟ್ಟುವ ಮೊದಲೇ ತೀರಿಕೊಂಡ ಅಕ್ಕ ನನಗೆ ಗೋಡೆಯ ಮೇಲೆ ಫೋಟೋ ಕೂಡ ಇಲ್ಲದ ಒಂದು ಹೆಸರು ಮಾತ್ರ. ಮೂರು ವರ್ಷದ ಮಗು. ದಡಾರ ಎದ್ದಿತು. ಬೇವಿನ ಸೊಪ್ಪಿನ ಮೇಲೆ ಮಲಗಿಸಿದರು, ಹರಕೆ ಹೊತ್ತರು. ಗುಳ್ಳೆಗಳು ಬಾಡಿದವು, ಆದರೆ ಉಸಿರಾಟ ಕೆಟ್ಟಿತು. ಈಗ ಯೋಚಿಸಿದರೆ ಅದು ದಡಾರದ ಬೆನ್ನಿಗೆ ಬರುವ ನ್ಯುಮೋನಿಯಾ ಎಂದು ತಿಳಿಯುತ್ತದೆ. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಆರಂಭವಾದದ್ದು 1985ರಲ್ಲಿ. ಅಮ್ಮನಿಗೆ ಆಯ್ಕೆಯೇ ಇರಲಿಲ್ಲ. ನನಗಿತ್ತು, ಮತ್ತು ನಾನು ಅದನ್ನು ಮುಂದೂಡುತ್ತಿದ್ದೆ. ಮುಂದಿನ ವಾರವೇ ಮಗಳಿಗೆ ಲಸಿಕೆ ಹಾಕಿಸಿದೆವು, ಐದು ತಿಂಗಳು ತಡವಾಗಿ. ಅವಳಿಗೆ ಏನೂ ಆಗಲಿಲ್ಲ. ಆ ಐದು ತಿಂಗಳಲ್ಲಿ ದಡಾರ ನಮ್ಮ ಬೀದಿಗೆ ಬರಲಿಲ್ಲವೆಂಬುದು ನನ್ನ ಜಾಣತನವಲ್ಲ, ಅದೃಷ್ಟ.

ಬಾಕಿ ತೀರಿಸಿದ ಊರು

ಎಲ್ಲರಿಗೂ ಆ ಅದೃಷ್ಟವಿರಲಿಲ್ಲ. ಇಂಗ್ಲೆಂಡಿನಲ್ಲಿ 1995-96ರಲ್ಲಿ ಶೇ 92ರಷ್ಟಿದ್ದ ಎಂಎಂಆರ್ ಪ್ರಮಾಣ 2003-04ರ ಹೊತ್ತಿಗೆ ಶೇ 80ಕ್ಕೆ ಇಳಿಯಿತು. ದಡಾರ ನಮಗೆ ತಿಳಿದಿರುವ ಅತ್ಯಂತ ಸಾಂಕ್ರಾಮಿಕ ರೋಗಗಳಲ್ಲೊಂದು. ಅದನ್ನು ತಡೆದು ನಿಲ್ಲಿಸಲು ಸಮುದಾಯದ ಶೇ 95ರಷ್ಟು ಜನರಲ್ಲಿ ರಕ್ಷಣೆ ಇರಬೇಕು.

ನಾನು ನೆಲೆಸಿರುವ ದಕ್ಷಿಣ ವೇಲ್ಸ್‌ನ ಕಥೆ ಇನ್ನೂ ವಿಶೇಷವಾದದ್ದು. ಸ್ವಾನ್ಸಿ ಸುತ್ತಮುತ್ತಲಿನ ಸ್ಥಳೀಯ ದಿನಪತ್ರಿಕೆ 'ಸೌತ್ ವೇಲ್ಸ್ ಈವ್ನಿಂಗ್ ಪೋಸ್ಟ್', ಲ್ಯಾನ್ಸೆಟ್ ಪ್ರಬಂಧಕ್ಕೂ ಮೊದಲೇ, 1997ರಲ್ಲಿ, ಲಸಿಕೆಯ ಬಗ್ಗೆ ಆತಂಕಗೊಂಡ ತಂದೆತಾಯಿಯರ ಕಥೆಗಳನ್ನು ಅಭಿಯಾನದಂತೆ ಪ್ರಕಟಿಸಿತು. ಅದರ ಪರಿಣಾಮವನ್ನು ಅಳೆದ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ವೇಲ್ಸ್‌ನ ಉಳಿದ ಭಾಗಗಳಲ್ಲಿ ಲಸಿಕೆಯ ಪ್ರಮಾಣ ಶೇ 2.4ರಷ್ಟು ಕುಸಿದಿದ್ದರೆ, ಆ ಪತ್ರಿಕೆ ಹಂಚಿಕೆಯಾಗುವ ಪ್ರದೇಶದಲ್ಲಿ ಶೇ 13.6ರಷ್ಟು ಕುಸಿದಿತ್ತು. ಆ ಪತ್ರಿಕೆಯವರು ಕೆಟ್ಟವರಾಗಿದ್ದರೆಂದು ನಾನು ಹೇಳುತ್ತಿಲ್ಲ. ನೊಂದ ತಾಯಿಯ ಕಥೆಯನ್ನು ಯಾವ ವರದಿಗಾರನೂ ಬರೆಯದೆ ಬಿಡಲಾರ. ಲಸಿಕೆ ಹಾಕಿಸಿಕೊಂಡು ಆರೋಗ್ಯವಾಗಿರುವ ಸಾವಿರಾರು ಮಕ್ಕಳ ಬಗ್ಗೆ ಬರೆಯಲು ಏನೂ ಇರುವುದಿಲ್ಲ, ಅಷ್ಟೆ.

ಬಾಕಿ ವಸೂಲಿಯಾದದ್ದು ಹದಿನೈದು ವರ್ಷಗಳ ನಂತರ. 2012ರ ನವೆಂಬರ್‌ನಿಂದ 2013ರ ಜುಲೈವರೆಗೆ ಸ್ವಾನ್ಸಿ ಪ್ರದೇಶದಲ್ಲಿ ದಡಾರ ಹರಡಿತು. ವರದಿಯಾದ ಪ್ರಕರಣಗಳು 1,202. ಆಸ್ಪತ್ರೆ ಸೇರಿದವರು 88. 25 ವರ್ಷದ ಯುವಕನೊಬ್ಬ ತೀರಿಕೊಂಡ. ಹೆಚ್ಚು ಬಾಧಿತರಾದವರಲ್ಲಿ ಹದಿಹರೆಯದವರಿದ್ದರು. 1990ರ ದಶಕದ ಕೊನೆಯಲ್ಲಿ ಶಿಶುಗಳಾಗಿದ್ದವರು, ತಾಯಂದಿರು 'ಸ್ವಲ್ಪ ಕಾಯೋಣ' ಎಂದಿದ್ದ ಮಕ್ಕಳು. ಅರಸೀಕೆರೆಯ ಅಮ್ಮ ಅರವತ್ತರ ದಶಕದಲ್ಲಿ ಕಂಡ ರೋಗವನ್ನು ನಾನು ಬ್ರಿಟನ್ನಿನ ಆಸ್ಪತ್ರೆಯಲ್ಲಿ ಕಂಡೆ. ಕೆಂಪಡರಿದ ಕಣ್ಣು, ಮೈತುಂಬ ಗುಳ್ಳೆ, ಬಿಡದ ಕೆಮ್ಮು. ನನಗಿಂತ ಕಿರಿಯ ಸಹೋದ್ಯೋಗಿಗಳಲ್ಲಿ ಹಲವರು ಅದನ್ನು ಪುಸ್ತಕದ ಚಿತ್ರದಲ್ಲಿ ಮಾತ್ರ ನೋಡಿದ್ದರು.

ಹದಿನಾಲ್ಕು ವರ್ಷದ ಹುಡುಗನೊಬ್ಬನ ತಾಯಿ ಹಾಸಿಗೆಯ ಪಕ್ಕದಲ್ಲಿ ಕುಳಿತು ನನ್ನನ್ನು ಕೇಳಿದಳು: "ಆಗ ನನಗೆ ನಿಜ ಹೇಳುವವರು ಯಾರೂ ಇರಲಿಲ್ಲವೇ?" ಇದ್ದರು, ಆದರೆ ಅವರ ಧ್ವನಿ ಇನ್ನೊಬ್ಬರ ಧ್ವನಿಯಷ್ಟೇ ಗಟ್ಟಿಯಾಗಿ ಕೇಳುತ್ತಿತ್ತು, ಹೆಚ್ಚಾಗಿ ಅಲ್ಲ. ನಾನು ಅವಳಿಗೆ ನನ್ನ ಐದು ತಿಂಗಳ ಕಥೆ ಹೇಳಿದೆ. ಅವಳು ಅತ್ತಳು. ಹುಡುಗ ಚೇತರಿಸಿಕೊಂಡ. ಆ ವಸಂತದ ಶನಿವಾರಗಳಲ್ಲಿ ಸ್ವಾನ್ಸಿ ಪ್ರದೇಶದ ಆಸ್ಪತ್ರೆಗಳು ವಿಶೇಷ ಲಸಿಕಾ ಶಿಬಿರಗಳನ್ನು ತೆರೆದಾಗ, ಹದಿಹರೆಯದ ಮಕ್ಕಳನ್ನು ಕರೆತಂದ ತಂದೆತಾಯಿಯರ ಸಾಲು ಕಟ್ಟಡದ ಹೊರಗೂ ಚಾಚಿತ್ತು. ನಂಬಿಕೆ ಮರಳಿತ್ತು. ಅದನ್ನು ಮರಳಿಸಿದ್ದು ಮಾತ್ರ ವಿಜ್ಞಾನವಲ್ಲ, ರೋಗ.

ಸುದ್ದಿಗೆ ರೆಕ್ಕೆ, ತಿದ್ದುಪಡಿಗೆ ಊರುಗೋಲು

ಪತ್ರಿಕೋದ್ಯಮಕ್ಕೆ ನ್ಯಾಯ ಸಲ್ಲಿಸಬೇಕಾದರೆ ಇನ್ನೊಂದು ಮಾತನ್ನೂ ಹೇಳಬೇಕು. ವೇಕ್‌ಫೀಲ್ಡ್ ಅವರ ಬಣ್ಣ ಬಯಲು ಮಾಡಿದವರು ಕೂಡ ಪತ್ರಕರ್ತರೇ. 2004ರಲ್ಲಿ 'ಸಂಡೇ ಟೈಮ್ಸ್'ನಲ್ಲಿ ಬ್ರಯಾನ್ ಡೀರ್ ಅವರ ತನಿಖಾ ವರದಿ ಪ್ರಕಟವಾಯಿತು. ಲಸಿಕೆ ತಯಾರಕರ ವಿರುದ್ಧ ದಾವೆ ಹೂಡಲು ಸಿದ್ಧರಾಗುತ್ತಿದ್ದ ವಕೀಲರಿಂದ ವೇಕ್‌ಫೀಲ್ಡ್ ಸಂಶೋಧನೆಗೆ ಹಣ ಬಂದಿತ್ತು. ಅವರ ವೈಯಕ್ತಿಕ ಸಂಭಾವನೆಯೇ ಖರ್ಚುವೆಚ್ಚ ಬಿಟ್ಟು 4,35,643 ಪೌಂಡ್ ಎಂದು ಮುಂದೆ ತಿಳಿದುಬಂತು. ದಡಾರಕ್ಕೆ ಪ್ರತ್ಯೇಕ ಲಸಿಕೆಯೊಂದರ ಪೇಟೆಂಟ್‌ಗೂ ಅವರ ಹೆಸರಿನಲ್ಲಿ ಅರ್ಜಿ ಸಲ್ಲಿಕೆಯಾಗಿತ್ತು. ಅದೇ ವರ್ಷ ಸಹಲೇಖಕರಲ್ಲಿ ಹತ್ತು ಮಂದಿ ಪ್ರಬಂಧದ ವ್ಯಾಖ್ಯಾನದಿಂದ ಹಿಂದೆ ಸರಿದರು. 2010ರ ಫೆಬ್ರುವರಿಯಲ್ಲಿ ಲ್ಯಾನ್ಸೆಟ್ ಪ್ರಬಂಧವನ್ನು ಹಿಂಪಡೆಯಿತು. ವೈದ್ಯರ ನೋಂದಣಿ ಸಂಸ್ಥೆಯಾದ ಜನರಲ್ ಮೆಡಿಕಲ್ ಕೌನ್ಸಿಲ್ ಅದೇ ವರ್ಷದ ಮೇ ತಿಂಗಳಲ್ಲಿ ಅವರ ಹೆಸರನ್ನು ಪಟ್ಟಿಯಿಂದ ಅಳಿಸಿತು. ತಮ್ಮ ಮಗನ ಹುಟ್ಟುಹಬ್ಬಕ್ಕೆ ಬಂದ ಮಕ್ಕಳಿಂದ ತಲಾ 5 ಪೌಂಡ್ ಕೊಟ್ಟು ರಕ್ತದ ಮಾದರಿ ತೆಗೆಸಿಕೊಂಡದ್ದೂ ಆ ವಿಚಾರಣೆಯಲ್ಲಿ ಸಾಬೀತಾದ ಸಂಗತಿಗಳಲ್ಲೊಂದು.

ಸುದ್ದಿ ಹಬ್ಬಲು ಒಂದು ದಿನ ಸಾಕಾಯಿತು. ತಿದ್ದುಪಡಿಗೆ 12 ವರ್ಷ ಬೇಕಾಯಿತು. ಮೊದಲನೆಯದು ಅರಸೀಕೆರೆಯವರೆಗೆ ಬಂದಿತ್ತು. ಎರಡನೆಯದು ದಾರಿಯಲ್ಲೆಲ್ಲೋ ಉಳಿದಿತ್ತು.

ಇದರಲ್ಲಿ ಜಾಹೀರಾತಿನ ಪಾತ್ರವೇನು ಎಂದು ಓದುಗರು ಕೇಳಬಹುದು. ವೈದ್ಯರ ಚೀಟಿಯಿಲ್ಲದೆ ಸಿಗದ ಔಷಧಗಳ ಬಗ್ಗೆ ಜನಸಾಮಾನ್ಯರಿಗೆ ಜಾಹೀರಾತು ನೀಡುವುದು ಬ್ರಿಟನ್ನಿನಲ್ಲಿ ಕಾನೂನುಬಾಹಿರ. ಅಮೆರಿಕ ಮತ್ತು ನ್ಯೂಜಿಲೆಂಡ್ ಇದಕ್ಕೆ ಅವಕಾಶ ಕೊಟ್ಟಿವೆ. ಆದರೆ ಭಯದ ಜಾಹೀರಾತಿಗೆ ಯಾವ ದೇಶದಲ್ಲಿಯೂ ಕಡಿವಾಣವಿಲ್ಲ, ಏಕೆಂದರೆ ಅದು ಜಾಹೀರಾತಿನ ರೂಪದಲ್ಲಿ ಬರುವುದೇ ಇಲ್ಲ. ಸುದ್ದಿಯಾಗಿ ಬರುತ್ತದೆ. ಹೆದರಿದವನು ಪತ್ರಿಕೆ ಕೊಳ್ಳುತ್ತಾನೆ, ಇಂದಾದರೆ ವಿಡಿಯೊವನ್ನು ಕೊನೆಯವರೆಗೂ ನೋಡುತ್ತಾನೆ. ಅವನು ಕಳೆದ ಪ್ರತಿ ನಿಮಿಷವನ್ನೂ ಯಾರೋ ಜಾಹೀರಾತುದಾರನಿಗೆ ಮಾರಲಾಗುತ್ತದೆ. ಸಾಮಾಜಿಕ ಜಾಲತಾಣಗಳ ಆದಾಯದ ಮೂಲವೇ ಇದು. ಯಾವ ಸಂದೇಶ ನಮ್ಮನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆಯೋ ಅದು ಮೇಲೆ ತೇಲುತ್ತದೆ. ನಿಜವೇ ಸುಳ್ಳೇ ಎಂಬ ಪ್ರಶ್ನೆ ಆ ಲೆಕ್ಕದಲ್ಲಿ ಬರುವುದಿಲ್ಲ. 1998ರಲ್ಲಿ ಕನಿಷ್ಠ ಒಬ್ಬ ಸಂಪಾದಕನಿದ್ದ, ಅವನ ವಿರುದ್ಧ ದೂರು ಕೊಡಬಹುದಿತ್ತು. ಇಂದು ಕುಟುಂಬದ ಗ್ರೂಪಿಗೆ ಸಂಪಾದಕರು ಯಾರು?

ಇಂಗ್ಲೆಂಡಿನಲ್ಲಿ 2024ರಲ್ಲಿ ಪ್ರಯೋಗಾಲಯದಲ್ಲಿ ದೃಢಪಟ್ಟ ದಡಾರ ಪ್ರಕರಣಗಳು 2,911. 2012ರ ನಂತರದ ಅತ್ಯಧಿಕ ಸಂಖ್ಯೆ ಅದು. ಐದು ವರ್ಷ ತುಂಬುವ ಹೊತ್ತಿಗೆ ಎರಡೂ ಡೋಸು ಪಡೆದ ಮಕ್ಕಳ ಪ್ರಮಾಣ ಶೇ 84ರ ಆಸುಪಾಸಿನಲ್ಲಿದೆ. ಕಾರಣ ಸುಳ್ಳು ಸುದ್ದಿಯೊಂದೇ ಅಲ್ಲ. ವೈದ್ಯರ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟವಾದದ್ದೂ, ಕೋವಿಡ್ ನಂತರದ ಬಳಲಿಕೆಯೂ ಸೇರಿವೆ. ಆದರೆ ಒಮ್ಮೆ ಬಿರುಕುಬಿಟ್ಟ ಗೋಡೆಗೆ ಪ್ರತಿ ಮಳೆಯೂ ಅಪಾಯವೇ.

ಊರಿನ ಗ್ರೂಪುಗಳು, ಪರದೇಶದ ಸಾಕ್ಷಿಗಳು

ಭಾರತದ ದಡಾರ-ರುಬೆಲ್ಲಾ ಅಭಿಯಾನ 2017ರ ಫೆಬ್ರುವರಿಯಲ್ಲಿ ಆರಂಭವಾದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 9 ತಿಂಗಳಿನಿಂದ 15 ವರ್ಷದೊಳಗಿನ ಮಕ್ಕಳೆಲ್ಲರಿಗೂ ಲಸಿಕೆ ಹಾಕುವ ಗುರಿಯಿತ್ತು. ಅಭಿಯಾನದ ಜೊತೆಯಲ್ಲಿಯೇ ವಾಟ್ಸ್‌ಆ್ಯಪ್‌ನಲ್ಲಿ ಅಂತೆಕಂತೆಗಳ ಸಂತೆಯೂ ನೆರೆಯಿತು. ಮರುವರ್ಷ, 2018ರ ಜುಲೈನಲ್ಲಿ, ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದ ಬಳಿ ಇಂಥದೇ ಒಂದು ಸಂತೆ ಒಂದು ಜೀವವನ್ನು ಬಲಿ ತೆಗೆದುಕೊಂಡಿತು. ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಅಪರಿಚಿತರನ್ನು ಮಕ್ಕಳ ಕಳ್ಳರೆಂದು ಬಿಂಬಿಸುವ ವಿಡಿಯೊ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿ, ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರು ಗುಂಪಿನ ಹಲ್ಲೆಯಿಂದ ಸತ್ತರು. ದೇಶದ ನಾನಾ ಕಡೆ ನಡೆದ ಇಂಥ ಘಟನೆಗಳ ನಂತರ ಅದೇ ತಿಂಗಳು ವಾಟ್ಸ್‌ಆ್ಯಪ್ ಸಂಸ್ಥೆ, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ರವಾನಿಸದಂತೆ ಮಿತಿ ಹೇರಿತು. 2020ರಲ್ಲಿ, ಹಲವು ಬಾರಿ ರವಾನೆಯಾದ ಸಂದೇಶಗಳಿಗೆ ಆ ಮಿತಿ ಒಂದಕ್ಕೆ ಇಳಿಯಿತು. ಅಂಥ ಸಂದೇಶದ ಮೇಲೆ ಎರಡು ಬಾಣಗಳ ಗುರುತು ಇರುತ್ತದೆ. ನನ್ನ ದೃಷ್ಟಿಯಲ್ಲಿ ಅದೊಂದು ಉಪಯುಕ್ತ ರೋಗಲಕ್ಷಣ. ಎರಡು ಬಾಣ ಕಂಡರೆ, ಕಳುಹಿಸಿದ ಚಿಕ್ಕಪ್ಪನಿಗೂ ಅದರ ಮೂಲ ಗೊತ್ತಿಲ್ಲ ಎಂದರ್ಥ.

ಇಲ್ಲಿ ಹೊರದೇಶದಲ್ಲಿರುವ ನಮ್ಮ ಹೊಣೆಯೊಂದಿದೆ. 'ಲಂಡನ್ ಡಾಕ್ಟರ್', 'ಅಮೆರಿಕದ ವಿಜ್ಞಾನಿ' ಎಂಬ ಪದಗಳಿಗೆ ನಮ್ಮ ಊರುಗಳಲ್ಲಿ ಇರುವ ಬೆಲೆ ಸುಳ್ಳು ಕಟ್ಟುವವರಿಗೆ ಚೆನ್ನಾಗಿ ಗೊತ್ತು. ಅದೇ ಬೆಲೆ ನಮ್ಮ ಮಾತಿಗೂ ಇದೆ. 'ನಮ್ಮ ಹುಡುಗ ಅಲ್ಲೇ ಇದ್ದಾನೆ, ಅವನೇ ಹೇಳಿದ' ಎಂಬ ಒಂದು ವಾಕ್ಯ ಕುಟುಂಬದಲ್ಲಿ ಯಾವ ಸರ್ಕಾರಿ ಪ್ರಕಟಣೆಗಿಂತಲೂ ದೂರ ಹೋಗುತ್ತದೆ. ಆದ್ದರಿಂದ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದನ್ನು ನಾವು ಮೊದಲು ಕಲಿಯಬೇಕು. ಊರಿನವರಾದ ನೀವೂ ನಮ್ಮನ್ನು ಕೇಳಬೇಕು: ನೀವೇ ನೋಡಿದಿರೋ, ಓದಿದಿರೋ, ಯಾರೋ ಕಳುಹಿಸಿದ್ದೋ?

ಇಲ್ಲಿಗೆ ಬರಲು ಸಿದ್ಧರಾಗುತ್ತಿರುವ ಕಿರಿಯರಿಗೂ ಇದೇ ಪರೀಕ್ಷೆ ಅನ್ವಯಿಸುತ್ತದೆ. ಪರಿಚಿತರೊಬ್ಬರ ಮಗ ಕಳೆದ ವರ್ಷದ ಕೊನೆಯಲ್ಲಿ ನನಗೊಂದು ಜಾಹೀರಾತು ಕಳುಹಿಸಿದ್ದ. ಬ್ರಿಟನ್ನಿನ ವೃದ್ಧರ ಆರೈಕೆ ಕೇಂದ್ರದಲ್ಲಿ ಕೆಲಸ, ವೀಸಾ ಖಾತರಿ, ಮುಂಗಡವಾಗಿ ಕೆಲವು ಲಕ್ಷ. ನಗುವ ಮುಖಗಳು, ಬ್ರಿಟಿಷ್ ಧ್ವಜ, ಸಾವಿರಾರು ಲೈಕುಗಳು. 2025ರ ಜುಲೈ 22ರಿಂದ ಹೊರದೇಶದವರಿಗೆ ಹೊಸದಾಗಿ ಕೇರ್ ವರ್ಕರ್ ವೀಸಾ ನೀಡುವುದನ್ನೇ ಇಲ್ಲಿನ ಸರ್ಕಾರ ನಿಲ್ಲಿಸಿದೆ. ಆರೋಗ್ಯ ಮತ್ತು ಆರೈಕೆ ಕ್ಷೇತ್ರದ ಅಂತರರಾಷ್ಟ್ರೀಯ ನೇಮಕಾತಿ ಸಂಹಿತೆಯ ಪ್ರಕಾರ, ಕೆಲಸ ಕೊಡಿಸಲು ಅಭ್ಯರ್ಥಿಯಿಂದ ಶುಲ್ಕ ಪಡೆಯುವಂತಿಲ್ಲ. ಪ್ರಾಯೋಜಕತ್ವದ ಪರವಾನಗಿ ಇರುವ ಸಂಸ್ಥೆಗಳ ಪಟ್ಟಿಯನ್ನು ಬ್ರಿಟನ್ನಿನ ಗೃಹ ಇಲಾಖೆ ಜಾಲತಾಣದಲ್ಲಿ ಪ್ರಕಟಿಸುತ್ತದೆ. ವೈದ್ಯರ ಹೆಸರನ್ನು ಜನರಲ್ ಮೆಡಿಕಲ್ ಕೌನ್ಸಿಲ್‌ನ ಪಟ್ಟಿಯಲ್ಲಿ ಯಾರು ಬೇಕಾದರೂ ಹುಡುಕಬಹುದು. 'ಲಂಡನ್ ಡಾಕ್ಟರ್' ಎಂದು ಯಾರಾದರೂ ಬರೆದರೆ ಹೆಸರು ಕೇಳಿ. ಹೆಸರಿಲ್ಲದಿದ್ದರೆ ಡಾಕ್ಟರೂ ಇಲ್ಲ. ಹೆಸರಿದ್ದರೆ ಐದು ನಿಮಿಷದಲ್ಲಿ ಪರೀಕ್ಷಿಸಬಹುದು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದ ನಾಡು ನಮ್ಮದು. ಕಾಣದ್ದನ್ನು ರವಾನಿಸುವ ಮುನ್ನ ಐದು ನಿಮಿಷ ದೊಡ್ಡದಲ್ಲ.

ಅಂದು ಮುಂಜಾನೆ ಅತ್ತಿಗೆಗೆ ನಾನು ಮೊದಲು ಅಂಕಿಅಂಶ ಹೇಳಿದೆ. ಡೆನ್ಮಾರ್ಕ್, ಐದು ಲಕ್ಷ ಮಕ್ಕಳು, ಲ್ಯಾನ್ಸೆಟ್. ಅವರು 'ಹೂಂ' ಎನ್ನುತ್ತಿದ್ದರು. ಆ 'ಹೂಂ'ನಲ್ಲಿ ಒಪ್ಪಿಗೆ ಇರಲಿಲ್ಲ. ಕೊನೆಗೆ 2002ರಲ್ಲಿ ನಾನು ಹೆದರಿದ್ದನ್ನು ಹೇಳಿದೆ, ಅಮ್ಮ ಹೇಳಿದ ಮಾತನ್ನೂ ಹೇಳಿದೆ. ಅತ್ತಿಗೆ ತುಸು ತಡೆದು, "ಅತ್ತೆ ಇಲ್ಲೇ ಇದ್ದಾರೆ, ನನಗೆ ಯಾವತ್ತೂ ಹೇಳಿರಲಿಲ್ಲ" ಎಂದರು. ಆ ಮಧ್ಯಾಹ್ನ ಆಶಾ ಕಾರ್ಯಕರ್ತೆಯೂ ಮನೆಗೆ ಬಂದು ಜಗಲಿಯಲ್ಲಿ ಅರ್ಧ ಗಂಟೆ ಕುಳಿತು ಅತ್ತಿಗೆಯ ಪ್ರಶ್ನೆಗಳಿಗೆಲ್ಲ ಉತ್ತರಿಸಿದರಂತೆ. ಎರಡು ದಿನದ ನಂತರ ಅಣ್ಣನ ಮಗಳು ತೋಳು ತೋರಿಸುತ್ತಿರುವ ಫೋಟೋ ಬಂತು. ಅತ್ತಿಗೆ ಅದನ್ನು ಗ್ರೂಪಿಗೂ ಹಾಕಿದ್ದರು.

ಅಮ್ಮ ಈಗಿಲ್ಲ. ದಡಾರದಿಂದ ಮಗುವನ್ನು ಕಳೆದುಕೊಂಡ ತಾಯಂದಿರ ತಲೆಮಾರು ನಮ್ಮ ಮನೆಗಳಿಂದ ಒಬ್ಬೊಬ್ಬರಾಗಿ ಮರೆಯಾಗುತ್ತಿದೆ. ಅವರ ನೆನಪೇ ಇಷ್ಟು ದಿನ ನಮ್ಮನ್ನು ಕಾಯುತ್ತಿತ್ತು. ಇನ್ನು ಮುಂದೆ ನಮ್ಮ ಮಕ್ಕಳಿಗೆ ರೋಗ ಗೊತ್ತಿರುವುದಿಲ್ಲ, ರೋಗದ ಬಗೆಗಿನ ಸಂದೇಶ ಮಾತ್ರ ಗೊತ್ತಿರುತ್ತದೆ. ಹಿರಿಯರು ಮನೆಯಲ್ಲಿದ್ದರೆ, ಮುಂದಿನ ಫಾರ್ವರ್ಡ್ ಓದುವ ಮೊದಲು ಅವರನ್ನು ಒಮ್ಮೆ ಕೇಳಿ ನೋಡಿ.